ಹೊರಬೀಡಿನ ದಿನದ ಪದ್ಯಪಾಠ

ಪರಶುರಾಮ್ ಮೇಷ್ಟ್ರು ಅವತ್ತು ಸಮುದ್ರದ ಪದ್ಯವನ್ನೋ ಹಿಮದ ಪದ್ಯವನ್ನೋ ಪಾಠಕ್ಕೆ ಆರಿಸಿಕೊಂಡಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಮೇಲಿನಿಂದ ಶಾಲೆಗೆ ಬಂದಿದ್ದ ಓದುವ ಕಾರ್ಡುಗಳ ಕಟ್ಟಿನಲ್ಲಿ ಎರಡೂ ಇದ್ದವು. ಆದರೆ ಮೇಷ್ಟ್ರದು ಒಂದು ಹಟ. ಮಕ್ಕಳು ಕಣ್ಣಾರೆ ಕಂಡದ್ದನ್ನೇ ಪದ್ಯದಲ್ಲೂ ಕಾಣಬೇಕು, ಆಗಲೇ ಅದು ಅವುಗಳ ಒಳಗೆ ಇಳಿಯುವುದು ಅಂತ. ಜಗಳೂರು ತಾಲ್ಲೂಕಿನ ಕರೆಕಲ್ಲಹಟ್ಟಿಯ ಐದನೇ ಕ್ಲಾಸಿನ ಮಕ್ಕಳು ಸಮುದ್ರವನ್ನು ಎಲ್ಲಿ ಕಂಡಿವೆ? ಹಿಮವಂತೂ ಐಸ್‌ಕ್ಯಾಂಡಿ ಡಬ್ಬಿಯೊಳಗೆ ಬಿಟ್ಟರೆ ಆ ಸೀಮೆಯಲ್ಲಿ ಇನ್ನೆಲ್ಲೂ ಇಲ್ಲ. ಹಾಗಾಗಿ ಅವರು ‘ಬದುವಿನ ಮರ’ ಅನ್ನುವ ಕಾರ್ಡನ್ನು ಎತ್ತಿಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಎತ್ತಿಕೊಂಡರು, ಪಾಪ.

ಮೇಷ್ಟ್ರು ನ್ಯಾಮತಿಯವರು. ಅತಿಥಿ ಶಿಕ್ಷಕರು. ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅನ್ನುವುದು ಅವರಿಗೂ ಗೊತ್ತಿಲ್ಲ, ಅವರನ್ನು ಕರೆದವರಿಗೂ ಗೊತ್ತಿಲ್ಲ. ಚನ್ನಗಿರಿ ಕಡೆಯ ಒಂದು ಶಾಲೆಯಲ್ಲಿ ಮಕ್ಕಳ ಹೆಸರೆಲ್ಲ ಬಾಯಿಗೆ ಬರುವಷ್ಟರಲ್ಲಿ ಕಾಯಂ ಮೇಷ್ಟ್ರು ಬಂದರು. ಹೊನ್ನಾಳಿ ಕಡೆಯ ಇನ್ನೊಂದರಲ್ಲಿ ಮಕ್ಕಳೇ ಕಡಿಮೆಯಾದರು. ಹೀಗೆ ಗಂಟುಮೂಟೆ ಕಟ್ಟಿ ಕಟ್ಟಿ ಅವರ ಮುಖಕ್ಕೆ ಒಂದು ಕಾಯಂ ಸೂತಕದ ಕಳೆ ಬಂದುಬಿಟ್ಟಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು, “ಯಾರು ತೀರ್ಕಂಡ್ರು ಸಾರ್, ಹತ್ತಿರದೋರಾ?” ಅಂತ ಕೇಳಿದ್ದೂ ಉಂಟು.

ಈ ಸಲ ಮಾತ್ರ ಒಂದು ಆಸೆ ಇತ್ತು. ತಾಲ್ಲೂಕಿನಿಂದ ಸಂಧ್ಯಾರಾಣಿ ಮೇಡಂ ಪಾಠ ನೋಡಲು ಬರುತ್ತಾರೆ. ಅವರು ಮೆಚ್ಚಿ ಮೇಲಕ್ಕೆ ಒಂದು ಮಾತು ಹೇಳಿದರೆ ಮುಂದಿನ ವರ್ಷವೂ ಇದೇ ಶಾಲೆ. ನ್ಯಾಮತಿಯಿಂದ ಹೆಂಡತಿ ಮಮತಾ ಫೋನು ಮಾಡಿ, “ಈ ಸಲಾನೂ ಚೀಲ ಹೊತ್ಕಂಡು ಬಂದ್ರೆ ನಾನು ಓಣಿಯಾಗೆ ಮುಖ ಎತ್ತಾಕೆ ಆಗಲ್ಲ. ಸ್ವಲ್ಪ ನಗ್‌ನಗ್ತಾ ಪಾಠ ಮಾಡ್ರಿ,” ಅಂದಿದ್ದಳು. ಮೇಷ್ಟ್ರು ಕನ್ನಡಿ ಮುಂದೆ ನಿಂತು ನಕ್ಕು ನೋಡಿದರು. ನಗದಿರುವುದೇ ವಾಸಿ ಅನ್ನಿಸಿತು.

ಮೇಡಂ ಬರುವುದು ಮಂಗಳವಾರ ಅಂತ ಗೊತ್ತಾದದ್ದು ಸೋಮವಾರ ಸಂಜೆ. ಆ ಮಂಗಳವಾರವೇ ಊರಿನ ಹೊರಬೀಡು.

ಹೊರಬೀಡು ಅಂದರೆ ಊರಿಗೆ ಊರೇ ಬೆಳಕು ಹರಿಯುವ ಮುಂಚೆ ಮನೆ ಗುಡಿಸಿ, ಬೀಗ ಜಡಿದು, ದನ, ಕುರಿ, ಕೋಳಿ, ಹಾಸಿಗೆ ಹಿಡಿದ ಮುದುಕರು, ಎಲ್ಲವನ್ನೂ ಎಲ್ಲರನ್ನೂ ಕರೆದುಕೊಂಡು ಹೊಲಕ್ಕೆ ಹೋಗಿಬಿಡುವುದು. ಊರ ಬಾಗಿಲಿಗೆ ಮುಳ್ಳು ಎಳೆಯುತ್ತಾರೆ. ಹೊತ್ತು ಮುಳುಗುವ ತನಕ ಒಳಗೆ ಒಂದು ನರಪಿಳ್ಳೆ ಇರುವ ಹಾಗಿಲ್ಲ, ಒಲೆ ಉರಿಯುವ ಹಾಗಿಲ್ಲ. ಊರಿಗೆ ಅಂಟಿಕೊಂಡ ಪೀಡೆಯು ಬೆಳಗಿನಿಂದ ಕಾದು ಕಾದು, ಯಾರೂ ಇಲ್ಲದ್ದು ನೋಡಿ ಬೇಸರ ಬಂದು ತಾನೂ ಹೊರಟುಹೋಗುತ್ತದೆ ಅಂತ ನಂಬಿಕೆ.

“ಸಾರ್, ನಾಳೆ ಬ್ಯಾಡ ಅಂತ ಮೇಡಂಗೆ ಒಂದ್ ಮಾತು ಹೇಳ್ರಿ,” ಅಂದರು ಮೇಷ್ಟ್ರು, ಹೆಡ್‌ಮಾಸ್ತರ್ ಜಂಪಣ್ಣನವರ ಮುಂದೆ ಕೈಕಟ್ಟಿ.

“ನಾನು ಹೇಳಾಕೆ ಆಗ್ತೈತೇನ್ರಿ? ರಿಟೈರ್ ಆಗಾಕೆ ಬಂದೀನಿ, ಈಗ ಯಾಕೆ ಅವರ ಬಾಯಿಗೆ ಬೀಳ್ಲಿ,” ಅಂದರು ಜಂಪಣ್ಣ. “ಮಕ್ಳು ಎಲ್ಲಿರ್ತಾವೋ ಅಲ್ಲೇ ಪಾಠ ಮಾಡ್ರಿ. ಹೆಂಗೂ ನಿಮ್ದು ಮರದ ಪದ್ಯ. ಮರದ ಕೆಳಗೆ ಮಾಡಿದ್ರೆ ಆತು. ಪ್ರಕೃತಿ ಮಡಿಲಲ್ಲಿ ಪಾಠ ಅಂತ ನಾನು ಹೇಳ್ಕಂತೀನಿ.”

ಜೀಪು ಬರುವ ದಾರಿಯ ಪಕ್ಕದಲ್ಲಿ ಒಂದು ಕ್ಲಾಸಿನ ಮಕ್ಕಳು ಕೂರುವಷ್ಟು ನೆರಳಿದ್ದ ಮರ ಒಂದೇ. ಗಾದ್ರಪ್ಪ, ಗುರುಸ್ವಾಮಿ ಅನ್ನುವ ಅಣ್ಣತಮ್ಮಂದಿರ ಹೊಲಗಳ ನಡುವಿನ ಬದುವಿನ ಮೇಲೆ ನಿಂತಿದ್ದ ಹುಣಸೆಮರ. ಅಪ್ಪ ಸತ್ತು ಹೊಲ ಪಾಲಾದಾಗ ಅಳೆಯುವವರು ಬಂದು ಅಳೆದು, ಮರ ಸರಿಯಾಗಿ ಗೆರೆಯ ಮೇಲೇ ಇದೆ ಅಂತ ಹೇಳಿ ಹೋಗಿದ್ದರು. ಅವತ್ತು ಮಾತು ಬಿಟ್ಟ ಅಣ್ಣತಮ್ಮಂದಿರು ಮತ್ತೆ ಒಬ್ಬರಿಗೊಬ್ಬರು ಬಾಯಿ ತೆರೆದದ್ದು ಬೈಯುವುದಕ್ಕೆ ಮಾತ್ರ, ಅದೂ ವರ್ಷಕ್ಕೊಮ್ಮೆ ಹುಣಸೆಹಣ್ಣು ಬಡಿಯುವಾಗ. ಊರಿನ ನಾಯಿಗೂ ತಿಳಿದಿದ್ದ ಈ ಸಂಗತಿ, ಶನಿವಾರ ಬಂತೆಂದರೆ ನ್ಯಾಮತಿ ಬಸ್ಸು ಹತ್ತುತ್ತಿದ್ದ ಮೇಷ್ಟ್ರಿಗೆ ಮಾತ್ರ ತಿಳಿದಿರಲಿಲ್ಲ.

ಬೆಳಿಗ್ಗೆ ಅವರು ಕರಿಹಲಗೆಯನ್ನು ತಲೆ ಮೇಲೆ ಹೊತ್ತುಕೊಂಡು ಮರದ ಹತ್ತಿರ ಬಂದಾಗ ಎರಡೂ ಸಂಸಾರಗಳು ಅಲ್ಲಿ ಬೀಡು ಬಿಟ್ಟಿದ್ದವು. ಹೊರಬೀಡಿಗೆ ಅವರವರ ಹೊಲಕ್ಕೇ ಹೋಗಬೇಕು, ಇಬ್ಬರ ಹೊಲಕ್ಕೂ ಇದ್ದ ನೆರಳು ಅದೊಂದೇ. ಮೂಡಲಿಗೆ ಗಾದ್ರಪ್ಪನ ಒಲೆ, ಪಡುವಲಿಗೆ ಗುರುಸ್ವಾಮಿಯ ಒಲೆ. ಕಾಂಡಕ್ಕೆ ಬೆನ್ನು ಕೊಟ್ಟು ಅಣ್ಣ ಅತ್ತ ಮುಖ, ತಮ್ಮ ಇತ್ತ ಮುಖ. ನಡುವೆ ಮರ ಇಲ್ಲದಿದ್ದರೆ ಬೆನ್ನಿಗೆ ಬೆನ್ನು ತಾಗುತ್ತಿತ್ತು.

ಬೆಳಗಿನ ನೆರಳು ಪಡುವಲಿಗೆ ಬಿದ್ದಿತ್ತು. ಮೇಷ್ಟ್ರು ಮಕ್ಕಳನ್ನು ಅಲ್ಲಿ ಕೂರಿಸಿದರು.

“ಓ ಮೇಷ್ಟ್ರೇ!” ಅಂತ ಆ ಕಡೆಯಿಂದ ಗಾದ್ರಪ್ಪ ಎದ್ದ. “ಸರ್ಕಾರಿ ಸ್ಕೂಲು ಅವನ ಹೊಲದಾಗೆ ನಡೆಸಿದ್ರೆ, ನಾಳೆ ಮರ ಅವಂದು ಅಂತ ಸರ್ಕಾರಾನೇ ಒಪ್ಪಿದಂಗೆ ಆಗಲ್ವಾ?”

ಮೇಷ್ಟ್ರು ಮಕ್ಕಳನ್ನು ಎಬ್ಬಿಸಿ ಬಿಸಿಲಿನ ಕಡೆಗೆ ಕರೆತಂದರು. ಈಗ ಗುರುಸ್ವಾಮಿ ಎದ್ದ. “ಯಾಕ್ರೀ ಸಾರ್, ನಮ್ಮ ನೆರಳು ನಿಮ್ಮ ಮಕ್ಳಿಗೆ ಆಗಲ್ವಾ?” ಅಂದ. ಕೊನೆಗೆ ಅರ್ಧ ಮಕ್ಕಳು ಬದುವಿನ ಆಚೆ, ಅರ್ಧ ಈಚೆ, ಮೇಷ್ಟ್ರು ನಡುವೆ ಬದುವಿನ ಮೇಲೆ. ಒಂದು ಕಾಲು ಅಣ್ಣನ ಹೊಲದಲ್ಲಿ, ಇನ್ನೊಂದು ತಮ್ಮನ ಹೊಲದಲ್ಲಿ. ಹಲಗೆಯನ್ನು ಕಾಂಡಕ್ಕೆ ಒರಗಿಸಿ ಅವರು ಪದ್ಯವನ್ನು ದುಂಡಗೆ ಬರೆದರು:

ಬದುವಿನ ಮೇಲೊಂದು ಮರ ನಿಂತಿದೆ,
ಅದಕಿಲ್ಲ ಆಚೆ, ಅದಕಿಲ್ಲ ಈಚೆ.
ಮುಂಜಾನೆ ಒಬ್ಬರಿಗೆ ನೆರಳು ಹಾಸಿ
ಸಂಜೆಗೆ ಇನ್ನೊಬ್ಬರಿಗೆ ಹಾಸುವುದು.
ಬೇರಿಗೆ ಗೊತ್ತಿಲ್ಲ ಯಾರ ಮಣ್ಣೆಂದು,
ಹಕ್ಕಿಗೆ ಗೊತ್ತಿಲ್ಲ ಯಾರ ಕೊಂಬೆ.

“ಇದರ ಅರ್ಥ ನಾನು ಹೇಳಲ್ಲ,” ಅಂದರು ಮೇಷ್ಟ್ರು. “ನೀವೇ ಹೇಳ್ಬೇಕು. ನೀವು ಆ ಮರ ಆಗಿದ್ರೆ ನಿಮಗೆ ಏನು ಕಾಣುತ್ತೆ, ಏನು ಕೇಳುತ್ತೆ? ಯೋಚನೆ ಮಾಡಿ.”

ಮಕ್ಕಳು ಯೋಚನೆ ಮಾಡುವ ಮೊದಲೇ ದೊಡ್ಡವರು ಯೋಚನೆ ಮಾಡಿಬಿಟ್ಟರು. ಹೊರಬೀಡಿನ ದಿನ ಹೊಲದಲ್ಲೂ ಕೆಲಸ ಮಾಡುವಂತಿಲ್ಲ, ಊರಿಗೂ ಹೋಗುವಂತಿಲ್ಲ. ಹೋಳಿಗೆ ಬೇಯುವ ತನಕ ಇಡೀ ಊರಿಗೆ ಬೇರೆ ಕಸುಬಿಲ್ಲ. ಅಕ್ಕಪಕ್ಕದ ಹೊಲಗಳಿಂದ ಒಬ್ಬೊಬ್ಬರೇ ಬಂದು ಮಕ್ಕಳ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅವರಲ್ಲಿ ಬಡಗಿ ಗಿಡ್ಡಪ್ಪನೂ ಒಬ್ಬ. ಬೀಗ ಹಾಕಿದ ಮನೆಯ ಮೇಲೆ ನಂಬಿಕೆಯಿಲ್ಲದೆ ಅವನು ಗರಗಸ, ಉಳಿ, ಕೊಡಲಿ ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಊರಿನ ಯಾವ ವಿಷಯಕ್ಕೂ ಒಳಗಿನ ಅರ್ಥ ಹೇಳುವುದು ಅವನೇ.

“ಪದ್ಯ ಅಂದ್ರೆ ಹಂಗೇ ಕಣ್ರಪ್ಪಾ,” ಅಂದ ಗಿಡ್ಡಪ್ಪ ಬೀಡಿ ಕೊಡವುತ್ತಾ. “ಮೇಲೆ ಒಂದು ಹೇಳ್ತಾರೆ, ಒಳಗೆ ಇನ್ನೊಂದು ಇರ್ತೈತೆ. ಇದು ಇವ್ರಿಬ್ರ ಮೇಲೇ ಕಟ್ಟಿರೋದು.”

ಎರಡೂ ಒಲೆಗಳ ಮುಂದಿನಿಂದ ಅಣ್ಣತಮ್ಮಂದಿರು ಒಟ್ಟಿಗೇ ಎದ್ದರು.

“ಕಟ್ಟಿದೋನು ಯಾರು?” ಅಂದ ಗಾದ್ರಪ್ಪ.

ಮೇಷ್ಟ್ರು ಕಾರ್ಡು ನೋಡಿದರು. ಹಿಂದೆ ತಿರುಗಿಸಿ ನೋಡಿದರು. ಕವಿಯ ಹೆಸರನ್ನು ಅಚ್ಚು ಹಾಕುವುದನ್ನು ಯಾರೋ ಪುಣ್ಯಾತ್ಮರು ಮರೆತಿದ್ದರು. “ಹೆಸರಿಲ್ಲ,” ಅಂದರು ಸಣ್ಣ ದನಿಯಲ್ಲಿ.

“ಹೆಂಗಿರ್ತೈತೆ? ಕಟ್ಟಿದೋರು ಎದುರಿಗೇ ನಿಂತವ್ರಲ್ಲ!” ಅಂದಳು ಹಿಂದಿನಿಂದ ಯಾವಳೋ. ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ ಬಿತ್ತು.

“ನನ್ನ ತಮ್ಮ ಬರ್ಸಿದ್ನಾ?” ಅಂದ ಗಾದ್ರಪ್ಪ. “ಹಕ್ಕಿಗೆ ಗೊತ್ತಿಲ್ವಂತೆ ಯಾರ ಕೊಂಬೆ ಅಂತ! ದೊಡ್ಡ ಕೊಂಬೆ ಎಲ್ಲ ನನ್ನ ಕಡೆ ಐತೆ. ಗೊತ್ತಿಲ್ಲ ಅಂತ ಬರ್ಸಿ ಹೊಡ್ಕಳಾಕೆ ನೋಡ್ತಾನೆ.”

“ನಾನ್ಯಾಕೆ ಬರ್ಸ್ಲಿ? ಅವನೇ ಬರ್ಸಿರ್ಬೇಕು,” ಗುರುಸ್ವಾಮಿ ಬದು ಹತ್ತಿ ಬಂದ. “ಬೇರಿಗೆ ಗೊತ್ತಿಲ್ವಂತೆ ಯಾರ ಮಣ್ಣು ಅಂತ! ಬೇರು ಎಲ್ಲ ಹರಿದಿರೋದು ನನ್ನ ಹೊಲದಾಗೆ. ಬೇಕಾದ್ರೆ ಅಗೆದು ತೋರಿಸ್ತೀನಿ.”

“ಅಲ್ರೀ, ಕವಿಯ ಭಾವ ಅದಲ್ಲ...” ಅಂದರು ಮೇಷ್ಟ್ರು.

“ಹಂಗಾದ್ರೆ ಕವೀನ ಕರೆಸ್ರಿ! ಅಂತರಘಟ್ಟಮ್ಮನ ಗುಡಿ ಮುಂದೆ ನಿಂತು ಹೇಳ್ಲಿ, ಕೊಂಬೆ ಯಾರದು ಅಂತ!”

ಊರು ಎರಡಾಯಿತು. ಬೇರಿನ ಸಾಲು ದೊಡ್ಡದೋ ಕೊಂಬೆಯ ಸಾಲು ದೊಡ್ಡದೋ ಅಂತ ವಾದ ಎದ್ದಿತು. ಮುಂಜಾನೆಯ ನೆರಳನ್ನು ಮೊದಲು ಹೇಳಿರುವುದರಿಂದ ಪದ್ಯ ತಮ್ಮನ ಪರವಾಗಿದೆ ಅಂತ ಗಿಡ್ಡಪ್ಪ ತೀರ್ಪು ಕೊಟ್ಟ. ಯಾರೋ ಅವನ ಟವೆಲು ಎಳೆದರು. ಮೇಷ್ಟ್ರು ಹಲಗೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ನ್ಯಾಮತಿ ಬಸ್ಸು ಅವರ ಕಣ್ಣ ಮುಂದೆ ಬಂದು ನಿಂತ ಹಾಗಾಯಿತು. ಅಳು ಬಂತು. ಮಕ್ಕಳ ಮುಂದೆ ಅಳಬಾರದೆಂದು ಮೇಲೆ ನೋಡಿದರು. ಮೇಲೆ ಅದೇ ಮರ.

ಅದೇ ಹೊತ್ತಿಗೆ ಜೀಪು ಬಂತು.

ಸಂಧ್ಯಾರಾಣಿ ಮೇಡಂ ಇಳಿದು ನೋಡಿದರೆ ಊರ ಜನವೆಲ್ಲ ಪದ್ಯದ ಒಂದೊಂದು ಸಾಲನ್ನು ಹಿಡಿದುಕೊಂಡು ಕೂಗಾಡುತ್ತಿದ್ದಾರೆ. ಪೋಷಕರ ಸಭೆ ಅಂದರೆ ಖಾಲಿ ಕುರ್ಚಿ ಅಂತಲೇ ಅವರು ಸರ್ವಿಸ್ಸಿನುದ್ದಕ್ಕೂ ಕಂಡದ್ದು. “ಏನಿದು ಜಂಪಣ್ಣನವರೇ?” ಅಂದರು.

ಜೀಪಿನಲ್ಲಿ ಜೊತೆಗೇ ಬಂದಿದ್ದ ಜಂಪಣ್ಣ ಕೈ ಹೊಸೆದರು. “ಸಮುದಾಯದ ಸಹಭಾಗಿತ್ವ ಮೇಡಂ. ಪದ್ಯದ ಮೇಲೆ ಚರ್ಚೆ.”

ಮೇಡಂ ಮುಖ ಅರಳಿತು. ಚಪ್ಪಲಿ ಬಿಟ್ಟು ಮಕ್ಕಳ ನಡುವೆ ನೆಲದ ಮೇಲೇ ಕೂತರು. ದೊಡ್ಡ ಆಫೀಸರಮ್ಮ ನೆಲಕ್ಕೆ ಕೂತದ್ದು ನೋಡಿ ಜನ ಬಾಯಿ ಮುಚ್ಚಿದರು. “ಮುಂದುವರಿಸಿ ಮೇಷ್ಟ್ರೇ,” ಅಂದರು ಮೇಡಂ.

ಪರಶುರಾಮ್ ಮೇಷ್ಟ್ರಿಗೆ ಇನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಅದರಿಂದಲೋ ಏನೋ, ಅವತ್ತು ಅವರು ಜೀವಮಾನದಲ್ಲಿ ಮಾಡದ ಹಾಗೆ ಪಾಠ ಮಾಡಿದರು. ನೋಟ್ಸು ಕೆಳಗಿಟ್ಟರು. ಗುರುಸ್ವಾಮಿಯ ಮಗಳು ಅಂಬಿಕಾಳನ್ನು ಕರೆದು, “ಮರ ತಬ್ಬಿಕೋ ಪುಟ್ಟಾ. ಕಿವಿ ಇಡು. ಕಣ್ಣು ಮುಚ್ಚು. ನೀನೀಗ ಅಂಬಿಕಾ ಅಲ್ಲ, ಮರ. ನಿನ್ನೆ ರಾತ್ರಿಯಿಂದ ನಿಂತಿದೀಯ, ನಿನ್ನ ತಾತ ಹುಟ್ಟೋದಕ್ಕೆ ಮುಂಚಿನಿಂದ ನಿಂತಿದೀಯ. ಈಗ ಹೇಳು,” ಅಂದರು.

ಅಂಬಿಕಾ ಮರ ತಬ್ಬಿ, ಕಣ್ಣು ಮುಚ್ಚಿ ನಿಂತಳು.

“ನಂಗೆ ಎರಡೂ ಕಡೆ ಬೈಯದು ಕೇಳ್ಸುತ್ತೆ ಸಾರ್,” ಅಂದಳು. “ದೊಡ್ಡಪ್ಪ ನಮ್ಮಪ್ಪಂಗೆ ಬೈಯದು, ನಮ್ಮಪ್ಪ ದೊಡ್ಡಪ್ಪಂಗೆ ಬೈಯದು. ನಂಗೆ ಇಬ್ರೂ ಬೇಕು. ಎಲ್ಲಾದ್ರೂ ಹೋಗ್ಬಿಡಾನ ಅನ್ಸುತ್ತೆ. ಆದ್ರೆ ನಂಗೆ ಕಾಲಿಲ್ಲ ಸಾರ್, ಓಡಿ ಹೋಗಾಕೆ ಬರಲ್ಲ.”

ಪದ್ಯ ಬರೆದ ಆ ಹೆಸರಿಲ್ಲದ ಪುಣ್ಯಾತ್ಮನಿಗೂ ಇಷ್ಟು ಹೊಳೆದಿರಲಿಕ್ಕಿಲ್ಲ. ಮೇಡಂ ಕನ್ನಡಕ ತೆಗೆದು ಸೆರಗಿಗೆ ಒರೆಸಿದರು, ಆಮೇಲೆ ಕಣ್ಣನ್ನೂ ಒರೆಸಿಕೊಂಡರು. ಗಾದ್ರಪ್ಪ ತಲೆ ತಗ್ಗಿಸಿ ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡುತ್ತಾ ಕೂತಿದ್ದ. ಸ್ವಲ್ಪ ಹೊತ್ತಿಗೆ ಎದ್ದ. ತನ್ನ ಒಲೆ ಪಕ್ಕದಿಂದ ಒಂದು ಹೋಳಿಗೆ ಎತ್ತಿಕೊಂಡು, ಬದು ದಾಟಿ ತಮ್ಮನ ಮುಂದೆ ಹಿಡಿದ.

“ತಿನ್ನಲೇ,” ಅಂದ.

ಗುರುಸ್ವಾಮಿ ತಿನ್ನಲಿಲ್ಲ. ಅಣ್ಣನ ಹೆಗಲಿಗೆ ಮುಖ ಒತ್ತಿ, ಇಷ್ಟು ದೊಡ್ಡ ಗಂಡಸು, ಗೊಳೋ ಅಂತ ಅತ್ತುಬಿಟ್ಟ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಗಿಡ್ಡಪ್ಪ, “ನಾನು ಮೊದ್ಲೇ ಹೇಳಿದ್ನಲ್ಲ, ಒಳಗೆ ಇನ್ನೊಂದು ಇರ್ತೈತೆ ಅಂತ,” ಅಂದ. ಎರಡೂ ಒಲೆಯ ಹೋಳಿಗೆ ಒಂದೇ ಬುಟ್ಟಿಗೆ ಬಿದ್ದು, ಮೇಡಂ ಎರಡೆರಡು ತಿಂದರು.

ಹೊರಡುವಾಗ ಮೇಷ್ಟ್ರನ್ನು ಪಕ್ಕಕ್ಕೆ ಕರೆದರು. “ಇಂಥ ಪಾಠ ನಾನು ನೋಡಿಲ್ಲ. ಇವತ್ತು ಜಿಲ್ಲೆಯ ಸಾಹೇಬರು ಜಗಳೂರಿಗೆ ಮೀಟಿಂಗಿಗೆ ಬಂದಿದಾರೆ. ಸಂಜೆ ಹೋಗುವಾಗ ಇದೇ ದಾರೀಲಿ ಕರ್ಕೊಂಡು ಬರ್ತೀನಿ. ಇದೇ ಮಕ್ಕಳು, ಇದೇ ಜಾಗ, ಇದೇ ಪಾಠ. ಆಮೇಲೆ ನಿಮ್ಮ ಮುಂದಿನ ವರ್ಷದ ಚಿಂತೆ ನನಗೆ ಬಿಡಿ. ಮರ ಉಳಿಸೋದು, ಪರಿಸರ, ಅಂದ್ರೆ ಸಾಹೇಬರಿಗೆ ಪ್ರಾಣ.”

ಮೇಷ್ಟ್ರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಲದಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಮಮತಾಗೆ ಈ ಮಾತನ್ನು ಹೇಳದೆ ಇರಲಾಗದೆ, ಗಾಳಿಯಂತ್ರ ಇರುವ ಗುಡ್ಡದ ಕಡೆ ಬಿಸಿಲಲ್ಲೇ ನಡೆದರು. ಗುಡ್ಡ ಹತ್ತಿ, ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದರು. ಅಂಬಿಕಾ ಹೇಳಿದ್ದನ್ನು ಹೇಳುವಾಗ ನಡುವೆ ನಿಲ್ಲಿಸಿ ಮೂಗು ಸೀಟಿಕೊಂಡರು.

“ನೀವು ಅಳ್ತಿದೀರೋ ನಗ್ತಿದೀರೋ?” ಅಂದಳು ಮಮತಾ.

“ಎರಡೂ,” ಅಂದರು ಮೇಷ್ಟ್ರು. “ಉಳೀತು ಕಣೆ. ಈ ಸಲ ಉಳೀತು.”

ಫೋನಿಟ್ಟು ಒಂದು ಬಂಡೆಯ ಮೇಲೆ ಕೂತರು. ದೂರದಲ್ಲಿ ಹುಣಸೆಮರ ಕಾಣುತ್ತಿತ್ತು. ಅದರ ಕೆಳಗೆ ಜನ ಇರುವೆಗಳ ಹಾಗೆ ಸೇರಿದ್ದರು. ಮರದ ತುದಿ ಸಣ್ಣಗೆ ಅಲುಗುತ್ತಿತ್ತು. ಗಾಳಿ ಇರಲಿಲ್ಲ, ಹಿಂದಿನ ಗಾಳಿಯಂತ್ರವೂ ನಿಂತಿತ್ತು. ಅಣ್ಣತಮ್ಮಂದಿರು ಒಟ್ಟಿಗೆ ಹಣ್ಣು ಬಡಿಯುತ್ತಿರಬೇಕು ಅಂದುಕೊಂಡು ಮೇಷ್ಟ್ರು ಹಿಗ್ಗಿದರು. ಒಂದು ಪದ್ಯ ಏನೆಲ್ಲ ಮಾಡಬಲ್ಲದು ಅನ್ನಿಸಿ, ತಾವೂ ಒಂದು ಬರೆಯಬೇಕೆಂಬ ಆಸೆ ಹುಟ್ಟಿತು. ಎಷ್ಟೋ ಹೊತ್ತು ಹಾಗೇ ಕೂತಿದ್ದರು. ಬಿಸಿಲು ಇಳಿಯಿತು. ಆಗ, ಅವರು ನೋಡುತ್ತಿದ್ದ ಹಾಗೇ, ಮರ ನಿಧಾನವಾಗಿ ಪಕ್ಕಕ್ಕೆ ವಾಲಿ ಮಲಗಿಕೊಂಡಿತು.

ಸದ್ದು ಆಮೇಲೆ ಬಂತು.

ಮೇಷ್ಟ್ರು ಓಡಿದರು. ಮುಗ್ಗರಿಸಿದರು, ಎದ್ದರು, ಒಂದು ಚಪ್ಪಲಿ ಜಾಲಿಮುಳ್ಳಿಗೆ ಕೊಟ್ಟು ಮತ್ತೆ ಓಡಿದರು. ಹತ್ತಿರ ಬಂದಾಗ ಮರ ಜೀಪಿನ ದಾರಿಗೆ ಅಡ್ಡವಾಗಿ ಬಿದ್ದಿತ್ತು. ಮೇಲೆ ಮಕ್ಕಳು ಹತ್ತಿ ಕೂತು ಹಣ್ಣು ಕೀಳುತ್ತಿದ್ದವು. ಗಿಡ್ಡಪ್ಪನ ಉದ್ದ ಗರಗಸದ ಒಂದು ಹಿಡಿ ಗಾದ್ರಪ್ಪನ ಕೈಯಲ್ಲಿ, ಇನ್ನೊಂದು ಗುರುಸ್ವಾಮಿಯ ಕೈಯಲ್ಲಿ. ಇಬ್ಬರ ಮೈಯಲ್ಲೂ ಬೆವರು, ಇಬ್ಬರ ಮುಖದಲ್ಲೂ ಮದುವೆಮನೆಯ ನಗು.

“ಏನ್ರೀ ಮಾಡಿದ್ರಿ?” ಅಂದರು ಮೇಷ್ಟ್ರು.

“ನೀವು ಹೇಳಿಕೊಟ್ಟಿದ್ದೇ ಮಾಡಿದ್ವಿ ಮೇಷ್ಟ್ರೇ!” ಗಾದ್ರಪ್ಪ ಬಂದು ಕೈ ಹಿಡಿದುಕೊಂಡ. “ಇಷ್ಟು ವರ್ಷ ನಮ್ಮಿಬ್ರ ನಡುವೆ ನಿಂತಿದ್ದು ಯಾರು? ಇದೇ ಅಲ್ವಾ? ನಿಮ್ಮ ಪದ್ಯ ಕಣ್ಣು ತೆರೆಸ್ತು.”

“ಅಂಬಿಕಾನೂ ಹೇಳ್ಲಿಲ್ವಾ ಸಾರ್,” ಅಂದ ಗುರುಸ್ವಾಮಿ, “ಹೋಗ್ಬಿಡಾನ ಅನ್ಸುತ್ತೆ, ಕಾಲಿಲ್ಲ ಅಂತ. ಪಾಪ, ನಾವೇ ಕಳ್ಸಿಕೊಟ್ವಿ. ಅಣ್ಣ ಆ ಕಡೆ ಎಳೆದ, ನಾನು ಈ ಕಡೆ ಎಳೆದೆ. ಚಿಕ್ಕೋರಿದ್ದಾಗ ಜೋಕಾಲಿ ಆಡಿದಂಗೆ ಆತು ನೋಡ್ರಿ.”

“ಹೊರಬೀಡಿನ ದಿನಾನೇ ಪೀಡೆ ಹೋತು,” ಅಂದ ಗಿಡ್ಡಪ್ಪ. ಜನ ಹೌದು ಹೌದು ಅಂದರು. ಯಾರೋ ಮೇಷ್ಟ್ರ ಕೊರಳಿಗೆ ಹುಣಸೆಚಿಗುರಿನ ಹಾರ ಹಾಕಿದರು. ಮೇಷ್ಟ್ರು ಹಸಿ ಮೋಟಿನ ಮೇಲೆ ಕುಸಿದು ಕೂತರು. ಅಂಗೈಗೆ ಅಂಟು ತಾಗಿತು. ಅವರಿಗೆ ತಮ್ಮ ಕೆಲಸದ ನೆನಪು ಬರಲಿಲ್ಲ. ಮರದ ಸಂಕಟವೇ ಸಂಕಟವಾಯಿತು, ಅಷ್ಟೆ. ಜಂಪಣ್ಣನವರನ್ನು ಹುಡುಕಿದರೆ ಅವರು ಹೊಟ್ಟೆನೋವೆಂದು ಅಷ್ಟು ಹೊತ್ತಿಗೇ ಜಗಳೂರಿನ ದಾರಿ ಹಿಡಿದಿದ್ದರು.

ಎರಡು ಜೀಪುಗಳು ಬಂದು ಬಿದ್ದ ಮರದ ಆಚೆ ನಿಂತವು. ಸಂಧ್ಯಾರಾಣಿ ಮೇಡಂ ಇಳಿದರು. ಮರವನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ಮೇಷ್ಟ್ರ ಕೊರಳಿನ ಹಾರವನ್ನು ನೋಡಿದರು. ಹಿಂದಿನಿಂದ ಬಂದ ಸಾಹೇಬರು ಮಾತ್ರ ಏನೂ ಅರಿಯದೆ, ಕೊಂಬೆಯ ಮೇಲೆ ಒಬ್ಬಳೇ ಕೂತಿದ್ದ ಅಂಬಿಕಾಳ ಹತ್ತಿರ ಹೋದರು. ಅವಳ ಕಣ್ಣು ಅತ್ತು ಕೆಂಪಾಗಿತ್ತು.

“ನೀನೇನಾ ಪದ್ಯದ ಅರ್ಥ ಚೆನ್ನಾಗಿ ಹೇಳಿದ ಹುಡುಗಿ? ನನಗೂ ಹೇಳಮ್ಮ. ಏನು ಕಲಿತೆ ಅದರಿಂದ?”

ಅಂಬಿಕಾ ಎದ್ದು ನಿಂತು ಕೈಕಟ್ಟಿದಳು. ಒಮ್ಮೆ ಅಪ್ಪನನ್ನು, ಒಮ್ಮೆ ದೊಡ್ಡಪ್ಪನನ್ನು ನೋಡಿದಳು. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದರು.

“ಮರ ಕಡಿದ್ರೆ ಜನ ಒಂದಾಗ್ತಾರೆ ಸಾರ್,” ಅಂದಳು.

ಸಾಹೇಬರ ಮುಖ ಕಪ್ಪಿಟ್ಟಿತು. “ಯಾರು ಹೇಳಿಕೊಟ್ಟಿದ್ದು ನಿನಗೆ ಇದನ್ನ?”

ಮರದ ಮೇಲಿದ್ದ ಅಷ್ಟೂ ಮಕ್ಕಳು ಒಟ್ಟಿಗೆ ಕೈ ಚಾಚಿದವು. “ನಮ್ಮ ಪರಶುರಾಮ್ ಸಾರ್!”

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅವರು ಸಂಕೋಚ ಪಡುತ್ತಿದ್ದಾರೆಂದು ತಿಳಿದ ಗಾದ್ರಪ್ಪ ಮುಂದೆ ಬಂದು, ಸಾಹೇಬರಿಗೆ ಎರಡೂ ಕೈ ಜೋಡಿಸಿದ.

“ಹೌದು ಸ್ವಾಮಿ, ಎಲ್ಲ ಇವರದೇ ಪುಣ್ಯ,” ಅಂದ. “ಇವರು ಬಂದು ಪಾಠ ಮಾಡ್ಲಿಲ್ಲ ಅಂದಿದ್ರೆ ಈ ಮರ ಇನ್ನೂ ನೂರು ವರ್ಷ ನಿಂತಿರ್ತಿತ್ತು.”